ಮುಯ್ಯಾಳು ಬಾರದ ನಾಟಿ

ಪಾಳ್ಯದ ಕಡೆಯ ನಮ್ಮೂರಿನಲ್ಲಿ ಮೊದಲು ಎಂಥ ಒಗ್ಗಟ್ಟಿತ್ತು, ಈಗ ಹಾಳಾಯಿತು ಎಂದು ಯಾರಾದರೂ ಹಲುಬಿದರೆ ನನಗೆ ಮೈ ಉರಿಯುತ್ತದೆ. ಆ ಒಗ್ಗಟ್ಟಿಗೆ ಮುಯ್ಯಾಳು ಎಂದು ಹೆಸರು. ನಾಟಿಯ ಕಾಲದಲ್ಲಿ ನಾವು ನಿಮ್ಮ ಗದ್ದೆಗೆ ಬಂದರೆ ನೀವು ನಮ್ಮ ಗದ್ದೆಗೆ ಬರಬೇಕು. ಕೂಲಿಯ ಮಾತಿಲ್ಲ, ಊಟ ಮಾತ್ರ ಗದ್ದೆಯವರದು.

ಅಪ್ಪ ತೀರಿಕೊಂಡಿದ್ದ. ಕೂಲಿ ಕೊಟ್ಟು ಆಳು ಕರೆಯುವ ಶಕ್ತಿ ನಮಗಿರಲಿಲ್ಲ. ಇದ್ದೊಂದು ತುಂಡು ಗದ್ದೆಯ ನಾಟಿ ಮುಯ್ಯಾಳಿನಿಂದಲೇ ಆಗಬೇಕು. ಆ ವರ್ಷವೂ ಅವ್ವ ಮತ್ತು ಮದುವೆಯ ವಯಸ್ಸಿಗೆ ಬಂದಿದ್ದ ನಾನು ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಊರವರ ಗದ್ದೆಗಳಲ್ಲೆಲ್ಲ ಸೊಂಟ ಬಗ್ಗಿಸಿದೆವು. ನಮ್ಮ ಪಾಳಿ ಕೊನೆಗೆ ಬಂತು. ಗಂಡಸಿಲ್ಲದ ಮನೆಯ ಪಾಳಿ ಯಾವತ್ತೂ ಕೊನೆಗೇ. ಅದೂ ಒಗ್ಗಟ್ಟಿನಲ್ಲೇ ಸೇರಿತ್ತು ಅನ್ನಿ.

ಬೆಳಗ್ಗೆ ಜನ ಗದ್ದೆಗಿಳಿಯುವಾಗ ಸಸಿ ಕಿತ್ತು ಸಿದ್ಧವಿರಬೇಕು, ಅದು ಪದ್ಧತಿ. ಅವ್ವ ಹಿಂದಿನ ದಿನವೇ ಅಷ್ಟೂ ಸಸಿ ಕಿತ್ತು ಕಟ್ಟು ಕಟ್ಟಿಟ್ಟಳು. ಕಿತ್ತ ಸಸಿ ಹೆಚ್ಚು ದಿನ ತಾಳುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಊರನ್ನು ನಂಬಿದ್ದಳು. ದೊಡ್ಡ ಹಂಡೆಯಲ್ಲಿ ಅನ್ನ, ಹುರುಳಿ ಸಾರು ಮಾಡಿಟ್ಟು ಕಾದೆವು. ಒಂದು ನರಪಿಳ್ಳೆಯೂ ಬರಲಿಲ್ಲ.

ದೋಣಿಗಲ್ ಕಡೆ ಹೊಸದಾಗಿ ಎಸ್ಟೇಟ್ ಮಾಡುತ್ತಿದ್ದ ಸಾಹುಕಾರನ ಲೆಕ್ಕ ಬರೆಯುವ ರೈಟರ್ ಬೆಳಕು ಹರಿಯುವ ಮೊದಲೇ ಲಾರಿ ತಂದಿದ್ದನಂತೆ. ಕಾಫಿ ಗಿಡ ನೆಡುವ ಕೆಲಸ, ಸಂಜೆಗೆ ಕೈಗೆ ನಗದು. ಕೂಲಿ ಅಂದರೆ ಮೂಗು ಮುರಿಯುತ್ತಿದ್ದ ಗದ್ದೆಯವರು ನಾ ಮುಂದು ತಾ ಮುಂದು ಎಂದು ಹತ್ತಿದ್ದರು. ಗದ್ದೆಯಿಲ್ಲದ ಕೇರಿಯವರೂ ಹತ್ತಿದ್ದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ನಮ್ಮವರು ಮುಯ್ಯಾಳಿಗೆ ಸೇರಿಸಿಕೊಂಡವರೇ ಅಲ್ಲ. ದಿನವಿಡೀ ದುಡಿಸಿಕೊಂಡು ಸಂಜೆ ಜೊಳ್ಳು ಭತ್ತ ಅಳೆದು ಕಳಿಸುತ್ತಿದ್ದರು. ಅವರೇಕೆ ಲಾರಿ ಬಿಡಬೇಕು?

ಸಂಜೆ ಲಾರಿ ಬಂದಾಗ ಅವ್ವ ರಸ್ತೆಯಲ್ಲೇ ನಿಂತು ನಮ್ಮ ಪಕ್ಕದ ಗದ್ದೆಯ ಗೌಡನನ್ನು ಕೇಳಿದಳು.

“ಅಣ್ಣಯ್ಯ, ಸಸಿ ಕಿತ್ತು ಮಡಗಿದ್ದೀನಿ. ನಾಳೆನಾದ್ರೂ ಬರ್ತೀರಾ?”

“ಕಾಲ ಬದಲಾಗೈತೆ ಕಣ್ ತಂಗ್ಯವ್ವ. ಯಾರ್ ದುಡಿಮೆ ಯಾರ್ ಇಷ್ಟ. ಬೇಕಾದ್ರೆ ನೀನೂ ಹತ್ತು, ಯಾರ್ ಬ್ಯಾಡ ಅಂದೋರು?” ಎಂದು ಹಲ್ಲು ಕಿರಿದ.

ನಾನು ಅವನ ಮುಖಕ್ಕೆ ಉಗಿಯಬೇಕಿತ್ತು. ಅವ್ವ ಕೈ ಹಿಡಿದೆಳೆದುಕೊಂಡು ಬಂದಳು. ಲಾರಿ ದಿನಾ ಬಂತು. ಇಬ್ಬರೇ ಕತ್ತಲಾಗುವವರೆಗೂ ನೆಟ್ಟರೂ ಅರ್ಧ ಗದ್ದೆ ಮುಗಿಯಲಿಲ್ಲ. ಉಳಿದ ಸಸಿ ಕಟ್ಟಿನಲ್ಲೇ ಹಳದಿಯಾಗಿ ಕೊಳೆತು ನಾರಿತು. ಆ ವರ್ಷ ಯುಗಾದಿಗೆ ಮುಂಚೆಯೇ ನಮ್ಮ ಮನೆಯಲ್ಲಿ ಅಕ್ಕಿ ಮುಗಿಯಿತು. ಯಾರೂ ಬಂದು ಉಂಡಿರಾ ಎಂದು ಕೇಳಲಿಲ್ಲ.

ಮರುವರ್ಷದ ಹೊತ್ತಿಗೆ ಎಸ್ಟೇಟಿನಲ್ಲಿ ಗಿಡ ನೆಟ್ಟು ಮುಗಿದಿತ್ತು. ಲಾರಿ ನಿಂತಿತು. ಅದೇ ಗೌಡ ನಾಚಿಕೆಯಿಲ್ಲದೆ ನಮ್ಮ ಜಗಲಿಗೆ ಬಂದ.

“ಬುಧವಾರ ನಮ್ ನಾಟಿ. ನೀನೂ ಮಗ್ಳೂ ಬಂದ್ಬುಡಿ, ಮುಯ್ಯಾಳಿಗೆ.”

ಅವ್ವ ಮೊರದಿಂದ ತಲೆಯೆತ್ತದೆ, “ಬರ್ತೀವಿ ಅಣ್ಣಯ್ಯ. ಕೂಲಿ ಏನ್ ಕೊಡ್ತೀರಿ?” ಎಂದಳು.

ಅವನ ಮುಖ ನೋಡಬೇಕಿತ್ತು. “ಮುಯ್ಯಾಳಿಗೆ ಕೂಲಿ ಕೇಳ್ತೀಯಲ್ಲ, ಮಾನ ಮರ್ವಾದೆ ಐತಾ ನಿಂಗೆ? ಊರಾಗೆ ಬಾಳೋರ್ ಆಡೋ ಮಾತಾ ಇದು?” ಎಂದು ಕೂಗಾಡಿ ಎದ್ದು ಹೋದ. ನನಗಂತೂ ಹೊಟ್ಟೆ ತಣ್ಣಗಾಯಿತು.

ಆಮೇಲೆ ನಮ್ಮನ್ನು ಯಾರೂ ಕರೆಯಲಿಲ್ಲ. ಬೆಳೆಯಲ್ಲಿ ಪಾಲು ಬರುವ ಹಾಗೆ ಗದ್ದೆಯನ್ನು ವಾರಕ್ಕೆ ಕೊಟ್ಟು ಅವ್ವ ಕೂಲಿಗೆ ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಕೂಲಿ ಕೇಳತೊಡಗಿದರು, ಮುಯ್ಯಾಳು ನಿಂತೇಹೋಯಿತು. ಲಾರಿ ಹತ್ತಿದವರನ್ನು ಯಾರೂ ಬೈಯಲಿಲ್ಲ. ಊರು ಕೆಡಿಸಿದವಳು ಎಂಬ ಹೆಸರು ನಮ್ಮವ್ವನಿಗೆ ಬಂತು.

ಕೆಲವು ವರ್ಷಗಳ ಮೇಲೆ ಮಳೆಗಾಲದಲ್ಲಿ ಅವ್ವ ಸತ್ತಾಗ ಹೆಗಲು ಕೊಡಲು ಆ ಗೌಡನೂ ಬಂದ. ಚಟ್ಟಕ್ಕೆ ಬಗ್ಗುತ್ತಾ, “ಒಳ್ಳೆ ಹೆಂಗ್ಸು ಕಣವ್ವ. ಆದ್ರೂ ಊರಿನ ಮುಯ್ಯಾಳು ಮುರ್ದೋಳು ಇವ್ಳೇಯ” ಎಂದ.

ನಾನು ಅವನ ಕೈ ಕಿತ್ತು ಹಾಕಿ, ಅಂಗಳದಿಂದಾಚೆ ನಡಿ ಎಂದೆ. ಅವನ ಹಿಂದೆ ಇನ್ನಿಬ್ಬರು ಹೋದರು. ಬೇರೆ ಹೆಗಲು ಸಿಗುವವರೆಗೆ ಅವ್ವನನ್ನು ಮಳೆಯಲ್ಲೇ ಇಟ್ಟುಕೊಂಡು ಕೂತಿದ್ದೆ.