ಸತ್ಯವೇದದ ಪಾಠದೊಳಗೆ ಶೇಂಗಾ ಹಕ್ಕಲು

ಮೊಮ್ಮಕ್ಕಳೇ, ನಿಮ್ಮ ಅವ್ವನ ತವರಿಗೆ ನಾನು ಯಾಕೆ ಕಾಲಿಡುವುದಿಲ್ಲ ಎಂದು ಎಷ್ಟೋ ಸಲ ಕೇಳಿದ್ದೀರಿ. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚರ್ಚಿನಲ್ಲಿ ನಾನು ಯಾವಾಗಲೂ ಹಿಂದೆ ಕೂರುವವಳು. ಸಾಕ್ಷಿ ಹೇಳು ಎಂದರೆ ಸೆರಗು ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಮೊಣಕಾಲು ನೋವಿಗೆ ಚರ್ಚು ತಪ್ಪತೊಡಗಿದಾಗ ನಿಮ್ಮ ಅವ್ವ ಮೊಬೈಲಿನಲ್ಲಿ ಸತ್ಯವೇದದ ಪಾಠ ಹಚ್ಚಿಕೊಟ್ಟಳು. ಒಬ್ಬ ಮಾಸ್ತರು ನಕಾಶೆ ತೋರಿಸಿ, ಆ ಕಾಲದ ಜನ ಹೇಗೆ ಬಾಳಿದರೆಂದು ಹೇಳುತ್ತಿದ್ದರು. ಅವರ ಕಣ, ಬೀಸುಕಲ್ಲು, ಬಾವಿ, ಕುರಿಹಟ್ಟಿ ಎಲ್ಲ ಕುಷ್ಟಗಿ ಕಡೆಯ ನನ್ನ ತವರೂರಿನಂತೆಯೇ ಇದ್ದವು. ಅಕ್ಕಿ ಹಸನು ಮಾಡುತ್ತಾ ನಾನು ಮಾಸ್ತರಿಗೆ ಉತ್ತರ ಕೊಡುತ್ತಿದ್ದೆ. "ಹೌದ್ರೀ, ನಮ್ಮ ಕಡೆನೂ ಹಂಗ ಐತ್ರಿ." ಅವರು ತಿರುಗಿ ಏನೂ ಕೇಳುತ್ತಿರಲಿಲ್ಲ, ಅದೇ ನನ್ನ ಧೈರ್ಯ. ನೀವು ನಗುತ್ತಿದ್ದಿರಿ.

ಒಂದು ರವಿವಾರ ಮಧ್ಯಾಹ್ನ ನೀವು ಮನೆಯಲ್ಲಿರಲಿಲ್ಲ. ಮಾಸ್ತರ ಸುತ್ತ ಸಣ್ಣ ಚೌಕಗಳಲ್ಲಿ ಯಾರ‍್ಯಾರದೋ ಮುಖಗಳಿದ್ದವು. ಹೊಸ ತರಹದ ಚಿತ್ರ ಅಂದುಕೊಂಡೆ. ಕನ್ನಡಕವನ್ನೂ ಹಾಕಿರಲಿಲ್ಲ.

ಮಾಸ್ತರು ಹೇಳಿದರು: ಬೆಳೆ ಕೊಯ್ಯುವಾಗ ಹೊಲದ ಅಂಚು ಬಿಡಬೇಕು, ಬಿದ್ದ ತೆನೆಗೆ ಒಡೆಯ ತಿರುಗಿ ಬರಬಾರದು. ಅದು ವಿಧವೆಯರದು, ಪರದೇಶಿಗಳದು. ಅದು ದೇವರ ಕಟ್ಟಳೆ.

ನನ್ನ ಕೈಯೊಳಗಿನ ಅಕ್ಕಿ ಜಾರಿತು. "ಅಯ್ಯ, ದೇವರ ಕಟ್ಟಳಿ ಏನ್ರಿ ಇದು? ನಾವು ಕಳ್ಳರಂಗ ಅಂಜಿಕೋಂತ ಹೋಗ್ತಿದ್ವಲ್ರಿ!"

ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ತವರಿಗೆ ಬಂದಿದ್ದೆ. ಶೇಂಗಾ ಕಿತ್ತ ಹೊಲದಲ್ಲಿ ಮಣ್ಣೊಳಗೆ ಉಳಿದ ಕಾಯಿ ಕೆದರುವುದಕ್ಕೆ ಹಕ್ಕಲು ಆಯುವುದು ಅನ್ನುತ್ತೇವೆ. ನಿಮ್ಮಪ್ಪನನ್ನು ಬೆನ್ನಿಗೆ ಕಟ್ಟಿಕೊಂಡು, ಬಂಡಿಗಳೆಲ್ಲ ಹೋದ ಮೇಲೆ ಕಳೆ ಕೀಳುವ ಕುರ್ಪಿ ಹಿಡಿದು ಹೋಗಿದ್ದೆ. ಪಕ್ಕದೂರಿನವರ, ಜೋಡಿ ಬೇವಿನ ಗಿಡದ ಹೊಲ. ಒಡೆಯ ಬಂದು, ಆಳುಗಳೆದುರು ನನ್ನ ಸೆರಗಿನ ಉಡಿ ಕೊಡವಿ ಝಾಡಿಸಿದ. ಕಾಯಿ ಎಲ್ಲ ನೆಲಕ್ಕೆ ಬಿದ್ದವು.

ಮಾಸ್ತರು ಪಾಠ ನಿಲ್ಲಿಸಿದರು. ಆಮೇಲೆ ಮೊಬೈಲಿನಿಂದಲೇ ಅಂದರು, "ಹೇಳ್ರಿ ಅಮ್ಮಾ, ಎಲ್ಲಾರೂ ಕೇಳಾಕತ್ತೀವಿ."

ಅವತ್ತಿನ ಪಾಠ ಎಲ್ಲರೂ ಕೂಡಿ ಮಾತಾಡುವಂಥದ್ದಾಗಿತ್ತಂತೆ, ನನ್ನ ದನಿ ಆ ಚೌಕಗಳಿಗೆಲ್ಲ ಕೇಳುತ್ತಿತ್ತಂತೆ. ಇಷ್ಟು ದಿನ ಕಿವಿಯೇ ಇಲ್ಲ ಅಂದುಕೊಂಡ ಮೊಬೈಲು ಮಾತಾಡಿತ್ತು! ಇನ್ನೊಂದು ಚೌಕದಿಂದ ಗಡಸು ದನಿ ಬಂತು. "ಬೀಗತ್ಯಾರ, ಆ ಹೊಲ ನಮ್ದು. ನೀವಿದ್ರೇನ್ರಿ ಅವತ್ತು? ನನಗ ನೆನಪಽ ಇಲ್ಲ."

ನಿಮ್ಮ ಅವ್ವನ ತಂದೆ; ಅವರೂ ಆ ಪಾಠಕ್ಕೆ ಕೂಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಆ ಒಡೆಯ ಇವರೇ ಎಂದು ಸಂಬಂಧ ಕೂಡಿಸುವ ದಿನವೇ ನಾನು ಗುರುತು ಹಿಡಿದಿದ್ದೆ. ಹುಡುಗಿ ಛಲೋ ಇದ್ದಳು, ನಿಮ್ಮಪ್ಪ ಮೆಚ್ಚಿದ್ದ, ಹಲ್ಲು ಕಚ್ಚಿದೆ. ಸೊಸೆಗೆ ತಿಳಿದರೆ ಮನೆ ಒಡೆದೀತೆಂದು ಕಾಯ್ದುಕೊಂಡು ಬಂದ ಮಾತು ಅದು. ನಾನು ಮರೆಯದಿದ್ದದ್ದು ಅವರಿಗೆ ನೆನಪೇ ಇರಲಿಲ್ಲ. ಉಡಿ ಝಾಡಿಸಿದ್ದಕ್ಕಿಂತ ಅದೇ ಹೆಚ್ಚು ಬಡಿಯಿತು.

ನಿಮ್ಮ ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಬಂದು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡಳು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಅಪ್ಪಾ, ನಿನಗ ನೆನಪಿಲ್ಲ. ನಮ್ಮತ್ತಿಗಿ ಐತಿ," ಅಂದಳು. ಅಷ್ಟೇ.

ಮಾರನೆಯ ವಾರ ಬೀಗರು ಒಂದು ಚೀಲ ಶೇಂಗಾ ಕಳಿಸಿದರು. ನಿಮ್ಮ ಅವ್ವ ಅದನ್ನು ಗಾಡಿಯಿಂದ ಇಳಿಸಿಕೊಳ್ಳಲೇ ಇಲ್ಲ. ಫೋನಿನಲ್ಲಿ, "ಚೀಲ ಬ್ಯಾಡಪ್ಪ. ಹೊಲದಾಗ ಹಕ್ಕಲು ಬಿಡು, ಆಯಾವ್ರು ಬರ್ತಾರ" ಅಂದಳು.

ಈ ಸುಗ್ಗಿಯಲ್ಲಿ ತವರಿಗೆ ಹೋಗಿ ಬಂದವಳು ನನ್ನ ಮುಂದೆ ಕೂತು ಉಡಿ ಬಿಚ್ಚಿದಳು. ಒಂದಿಷ್ಟು ಕಾಯಿ. ಉಗುರು ಸಂದಿಯಲ್ಲೆಲ್ಲ ಕೆಂಪು ಮಸಾರಿ ಮಣ್ಣು.

"ನೀನಽ ಆಯ್ದೇನು? ನಿಮ್ಮಪ್ಪನ ಹೊಲದಾಗ?"

"ಊರ ಹೆಣ್ಮಕ್ಕಳ ಜೋಡಿ ಆಯ್ದೆ ಅತ್ತಿ. ಯಾರೂ ತಡೀಲಿಲ್ಲ. ಅಪ್ಪ ಬೇವಿನ ಗಿಡದ ಬುಡಕ್ಕ ನಿಂತು ನೋಡಾಕತ್ತಿದ್ದ."

ಆ ಕಾಯಿಗಳನ್ನು ನನ್ನ ಉಡಿಗೆ ಹಾಕಿಕೊಂಡೆ. ಮುಂದಿನ ಸಲ ನಾನೂ ಬರ್ತೀನಿ ಅನ್ನುವ ಮಾತು, ಆ ಪಾಠದ ದಿನದಂತೆಯೇ, ನನ್ನನ್ನು ಕೇಳದೆ ಬಾಯಿಂದ ಬಂದೇಬಿಟ್ಟಿತು.