ಶೀನಣ್ಣನ ಹಿತ್ತಾಳೆ ಬಿಲ್ಲೆ

ಶೀನಣ್ಣ ಎಲ್ಲಿಯೂ ಕೇಳದೆ ಕೂತವರಲ್ಲ. ಮಧ್ಯಾಹ್ನದ ಹೊತ್ತು ಹಾರ್ಬರ್ ಲೈನಿನ ಲೋಕಲ್ ವಡಾಲ ಸ್ಟೇಷನ್ನಿಗೆ ಅರ್ಧ ಖಾಲಿಯಾಗಿಯೇ ಬರುತ್ತಿತ್ತು. ಬೆಂಚಿಗೆ ಬೆಂಚೇ ಬರಿದಾಗಿದ್ದರೂ ಅವರು ಅದರ ಮೇಲೆ ಅಂಗೈಯೂರಿ, ಎದುರಿಗಿದ್ದವನನ್ನು "ಇಧರ್ ಕೋಯೀ ಥಾ ಕ್ಯಾ?" ಎಂದು ವಿಚಾರಿಸುವರು. ಇಲ್ಲಿ ಯಾರಾದರೂ ಇದ್ದರೇ ಎಂಬ ಆ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದ ಮೇಲೂ ಒಂದು ಕ್ಷಣ ತಡೆದು, ಬೆಂಚಿನ ತುದಿಯಲ್ಲಷ್ಟೇ ಕೂರುವರು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಅವರ ಜೊತೆ ದುಡಿಯುತ್ತಿದ್ದವರಿಗೆ ಇದೊಂದು ನಿತ್ಯದ ತಮಾಷೆ. "ಶೀನಣ್ಣ ನಾಳೆ ಚಟ್ಟದ ಮೇಲೆ ಮಲಗುವ ಮೊದಲೂ ಕೇಳ್ತಾರೆ ನೋಡಿ, ಇಲ್ಲಿ ಯಾರಾದ್ರೂ ಇದ್ರಾ ಅಂತ" ಎಂದು ದೋಸೆಕಲ್ಲಿನ ಮುಂದಿನ ವಾಸು ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಶೀನಣ್ಣನೇ.

ಅರವತ್ತು ದಾಟಿದ್ದ, ಉದ್ದನೆಯ ತೆಳ್ಳಗಿನ ಮನುಷ್ಯ. ಕಾಫಿಯ ಒಲೆಯ ಮುಂದೆ ಕೈಯೆತ್ತಿ ಹಾಲು ಸುರಿಯುವಾಗ ಬನಿಯನ್ನು ಮೇಲೇರಿ, ಸೊಂಟದ ಉಡಿದಾರದಲ್ಲಿ ಟ್ರಂಕಿನ ಬೀಗದಕೈಯ ಪಕ್ಕ ಒಂದು ಹಿತ್ತಾಳೆ ಬಿಲ್ಲೆ ಕಾಣುತ್ತಿತ್ತು. ಅದರ ಮೇಲೆ ಇಂಗ್ಲಿಷ್ ಅಂಕಿಗಳಲ್ಲಿ ಇನ್ನೂರ ಹದಿನೇಳು ಎಂದಷ್ಟೇ ಕೊರೆದಿತ್ತು. ಏನದು ಎಂದು ನಾನು ಕೇಳಿದ್ದಕ್ಕೆ "ಅದು ನನ್ನದಲ್ಲ ಮಾಸ್ಟ್ರೇ" ಎಂದು ಬನಿಯನ್ನು ಕೆಳಗೆಳೆದುಕೊಂಡಿದ್ದರು.

ನಾನು ಮಾಸ್ತರನೇನೂ ಅಲ್ಲ. ಫೋರ್ಟ್ ಭಾಗದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳ ಜೊತೆಗೆ, ಲೋಕವನ್ನು ತಿದ್ದಬಹುದೆಂಬ ನಂಬಿಕೆಯನ್ನೂ ಮುಂಬಯಿಗೆ ಹೊತ್ತು ತಂದಿದ್ದೆ. ಅರವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ, ಭಾನುವಾರ ಮಧ್ಯಾಹ್ನ ಮಾಟುಂಗದ ಕನ್ನಡ ಸಂಘವೊಂದರ ಕೋಣೆಯಲ್ಲಿ ಹೋಟೆಲ್ ಕೆಲಸಗಾರರಿಗೆ ಓದುಬರಹ ಕಲಿಸುತ್ತಿದ್ದೆ. ಶೀನಣ್ಣ ಕಲಿಯಲು ಬಂದವರಲ್ಲ. ಬಾಗಿಲ ಬಳಿ ನಿಂತು ಕೇಳಲು ಬರುತ್ತಿದ್ದರು.

ಅವರು ಅಮೇರಿಕಾದಲ್ಲಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಮುಂಬಯಿಯ ಹೋಟೆಲಿನಲ್ಲಿ ಬೆಳೆದು, ಹಡಗಿನ ಅಡುಗೆಮನೆ ಸೇರಿ, ಎರಡನೆಯ ಮಹಾಯುದ್ಧಕ್ಕೆ ಮುಂಚೆ ನ್ಯೂಯಾರ್ಕಿನಲ್ಲಿ ಹಡಗು ಬಿಟ್ಟು ಇಳಿದುಹೋಗಿದ್ದರು. ಅಲ್ಲಿ ಪಾತ್ರೆ ತೊಳೆದು, ಹಲವು ವರ್ಷಗಳ ಬಳಿಕ ಕಾಗದಪತ್ರವಿಲ್ಲದವನೆಂದು ಸಿಕ್ಕಿಬಿದ್ದಾಗ, ಅವರನ್ನು ಹಡಗು ಹತ್ತಿಸಿ ವಾಪಸು ಕಳಿಸಿದ್ದರು.

ಒಂದು ಭಾನುವಾರ ನಾನು ಕಾರ್ಮಿಕರ ಐಕ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಅಮೇರಿಕಾದ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದ್ದನ್ನು, ದೇಶ ದೇಶಗಳಿಂದ ವಲಸೆ ಬಂದ ಬಡವರು ಒಂದೇ ಬಾವುಟದಡಿ ನಿಂತದ್ದನ್ನು ವರ್ಣಿಸಿದೆ. ಚಪ್ಪಾಳೆಯೂ ಬಿತ್ತು. ಎಲ್ಲರೂ ಹೋದ ಮೇಲೆ ಶೀನಣ್ಣ ಕೇಳಿದರು:

"ಭಾಷಣ ಚಂದ ಆಯ್ತು. ಆದ್ರೆ ನೀವು ಯಾರನ್ನು ಸೋಲಿಸ್ಲಿಕ್ಕೆ ಮಾತಾಡಿದ್ದು ಮಾಸ್ಟ್ರೇ?"

ನಾನು ಕಪ್ಪುಹಲಗೆ ಒರೆಸತೊಡಗಿದೆ. ಅವರೇ ಮುಂದುವರಿಸಿದರು:

"ನಾನು ಮೊದಲು ಹೋದ ಯೂನಿಯನ್ನಿನವರು ನನ್ನ ಬಣ್ಣ ನೋಡಿ ಬಾಗಿಲು ಹಾಕಿದ್ರು. ಅದನ್ನೂ ನಿಮ್ಮ ಭಾಷಣಕ್ಕೆ ಸೇರಿಸಿ. ಎರಡನೇದು ಹೋಟೆಲಿನವರದ್ದು, ಅವರು ಸೇರಿಸಿಕೊಂಡ್ರು. ಅಲ್ಲಿ ಅಧ್ಯಕ್ಷ ಒಂದು ಮಾತು ಹೇಳುದು, ನಿಲ್ಲಿಸುದು. ಇಟಲಿಯವನು ತನ್ನವರಿಗೆ ಹೇಳ್ಬೇಕು, ಪೋಲೆಂಡಿನವನು ತನ್ನವರಿಗೆ, ಗ್ರೀಕಿನವನು ತನ್ನವರಿಗೆ. ನನ್ನ ಭಾಷೆಯವರು ಯಾರೂ ಇಲ್ಲ. ಆದ್ರೂ ಅಧ್ಯಕ್ಷ ನನ್ನ ಕಡೆ ನೋಡುದು. ನಾನು ತಲೆ ಆಡಿಸಿದ ಮೇಲೆಯೇ ಮುಂದಿನ ಮಾತು. ಒಂದು ಸಭೆಗೆ ಇಡೀ ಮಧ್ಯಾಹ್ನ ಬೇಕಾಗ್ತಿತ್ತು ಮಾರಾಯ್ರೇ."

ಆ ಮಾತನ್ನು ಒಂದು ಸ್ವಾರಸ್ಯದ ಪ್ರಸಂಗವೆಂದು ಬರೆದಿಟ್ಟುಕೊಂಡೆ. ಅದು ನನಗೆ ಹೇಳಿದ ಮಾತೆಂದು ತಿಳಿಯಲು ಎರಡು ವರ್ಷ ಬೇಕಾಯಿತು.

ಆ ಹೊತ್ತಿಗೆ ಬಿಜಾಪುರ, ಕಲಬುರಗಿ ಕಡೆಯ ಜನ ಕೂಲಿಗೆಂದು ಗುಂಪುಗುಂಪಾಗಿ ಬಂದು ವಡಾಲದ ರೈಲುಹಳಿಯ ಪಕ್ಕ ಬಿಡಾರ ಹೂಡುತ್ತಿದ್ದರು. ಸಂಘದ ಪರಿಚಯದ ಗುತ್ತಿಗೆದಾರನೊಬ್ಬ ಬಂದು, ಕಾಂದಿವಲಿಯ ಕಾರ್ಖಾನೆಯೊಂದಕ್ಕೆ ಹನ್ನೆರಡು ಆಳು ಬೇಕು, ಊಟ ವಸತಿ ಒಳಗೇ ಎಂದ. ನಾನು ಬಿಡಾರಕ್ಕೆ ಹೋಗಿ, ಹನುಮಂತಪ್ಪನೆಂಬ ಮೇಸ್ತ್ರಿಯನ್ನೂ ಅವನ ಹನ್ನೊಂದು ಮಂದಿಯನ್ನೂ ಮಾತಿನಲ್ಲಿ ಒಪ್ಪಿಸಿ ಕಳಿಸಿಕೊಟ್ಟೆ. ಜೀವನದಲ್ಲಿ ಮೊದಲ ಬಾರಿಗೆ ಮಾತು ಬಿಟ್ಟು ಕೆಲಸ ಮಾಡಿದೆನೆಂಬ ಹೆಮ್ಮೆಯಿಂದ ಶೀನಣ್ಣನಿಗೆ ಅದನ್ನು ಹೇಳಿದೆ.

ಹಾಲು ಸುರಿಯುತ್ತಿದ್ದ ಅವರ ಕೈ ನಿಂತಿತು.

"ಒಳಗೇ ಮಲಗಿಸ್ತಾರಾ? ಹೋಟ್ಲಿನಲ್ಲಿ ಸರಿ. ಕಾರ್ಖಾನೆಯಲ್ಲಿ ಎಂತಕ್ಕೆ ಮಲಗಿಸುದು ಮಾಸ್ಟ್ರೇ? ನಡೀರಿ."

ಒಲೆಯನ್ನು ವಾಸುವಿಗೆ ಒಪ್ಪಿಸಿ, ಬನಿಯನ್ನಿನ ಮೇಲೊಂದು ಅಂಗಿ ಹಾಕಿಕೊಂಡು ಹೊರಟೇಬಿಟ್ಟರು. ಆ ದಿನ ಕಾಂದಿವಲಿಯವರೆಗೂ ಅವರು ಲೋಕಲ್ಲಿನಲ್ಲಿ ಕೂರಲಿಲ್ಲ.

ಕಾರ್ಖಾನೆಯ ಗೇಟಿನೆದುರು ತಾಡಪತ್ರಿಯ ಚಪ್ಪರ ಕಟ್ಟಿಕೊಂಡು ನಲವತ್ತು ಜನ ಕೂತಿದ್ದರು. ಮರಾಠಿಗರಿದ್ದರು, ಉತ್ತರದ ಭಯ್ಯಾಗಳಿದ್ದರು. ಮುಷ್ಕರ ಶುರುವಾಗಿ ತಿಂಗಳಾಗಿತ್ತು. ತಮ್ಮ ಮಷಿನುಗಳ ಮೇಲೆ ಕೂರಿಸಲು ಹೊಸಬರನ್ನು ಟೆಂಪೋದಲ್ಲಿ ಮುಚ್ಚಿ ಒಳಗೆ ತಂದಿದ್ದಾರೆಂದು ಅವರು ಹೇಳಿದರು. ಆ ಹೊಸಬರನ್ನು ಒಪ್ಪಿಸಿದ್ದು ನನ್ನ ನಾಲಗೆಯೇ.

ಕಾವಲುಗಾರನನ್ನು ಕಾಡಿಬೇಡಿ ಹನುಮಂತಪ್ಪನನ್ನು ಸರಳಿನ ಬಳಿಗೆ ಕರೆಸಿದೆವು. ಹೊರಗೆ ಬಾ ಎಂದು ನಾನು ಹೇಳಿದ್ದಕ್ಕೆ ಅವನು ನನ್ನನ್ನೇ ದಿಟ್ಟಿಸಿದ.

"ಹೋಗ್ರಿ ಅಂದವ್ರೂ ನೀವ, ಬರ್ರಿ ಅನ್ನಾವ್ರೂ ನೀವ. ಹೊರಗ ಬಂದ್ರ ಹೊಟ್ಟಿಗೆ ಏನ್ ತಿನ್ನೂಣ್ರಿ, ನಿಮ್ಮ ಭಾಷಣಾನ?"

ನಾನು ವಾದಕ್ಕೆ ಬಾಯಿ ತೆರೆದೆ. ಶೀನಣ್ಣ ನನ್ನ ತೋಳು ಹಿಡಿದರು. "ನೀವು ಇವತ್ತು ಮಾತಾಡ್ಬೇಡಿ. ನಾನು ಹೇಳಿದ್ದನ್ನು ಆ ಕೂತವರಿಗೆ ಹಿಂದಿಯಲ್ಲಿ ಹೇಳಿ. ಒಂದು ಮಾತಿಗೆ ಒಂದು ಮಾತು." ಬಳಿಕ ಉಡಿದಾರದಿಂದ ಬಿಲ್ಲೆಯನ್ನು ಬಿಚ್ಚಿ ಸರಳಿನ ನಡುವೆ ಹಿಡಿದು, ಹನುಮಂತಪ್ಪನಿಗೆ ಹೇಳತೊಡಗಿದರು:

"ನಾನು ಇದೇ ಬೊಂಬಾಯಿಯ ಹೋಟ್ಲಿನ ಮೇಜಿನ ಅಡಿಯಲ್ಲಿ ಮಲಗಿ ದೊಡ್ಡವನಾದವ. ಕೆಲಸ ಮಾಡಿದಲ್ಲೇ ಊಟ, ಅಲ್ಲೇ ನಿದ್ರೆ. ಗೊತ್ತಾಯ್ತಾ?"

ಹನುಮಂತಪ್ಪ ತಲೆಯಾಡಿಸಿದ. ನಾನು ಹಿಂದಿಯಲ್ಲಿ ಹೇಳಿದೆ. ತಾಡಪತ್ರಿಯ ಕೆಳಗಿನವರು ಹತ್ತಿರ ಬಂದರು.

"ಅಮೇರಿಕಾದಲ್ಲಿ ಒಂದು ಎರಕದ ಕಾರ್ಖಾನೆಗೆ ನಮ್ಮನ್ನು ಮುಚ್ಚಿದ ಗಾಡಿಯಲ್ಲಿ ತಂದ್ರು. ಮಷಿನಿನ ನಡುವೆ ಮಂಚ ಹಾಕಿದ್ರು. ಬೇರೆಯವರಾಗಿದ್ರೆ ಸಂಶಯ ಬರ್ತಿತ್ತು. ನನಗೆ ಬರ್ಲಿಲ್ಲ. ಇಲ್ಲಿಯೂ ನಮ್ಮ ಹೋಟ್ಲಿನ ಹಾಗೆಯೇ, ಒಳ್ಳೆ ಧಣಿ ಅಂತ ಎಣಿಸಿದೆ. ಈ ಬಿಲ್ಲೆ ಕೊಟ್ಟು ಎದೆಗೆ ಸಿಕ್ಕಿಸಿಕೋ ಅಂದ್ರು."

ಅವರು ಕಾದರು. ನಾನು ಹೇಳಿದೆ.

"ಹದಿನೈದು ದಿನ ಆಗಿರ್ಬೇಕು. ನೀರು ಚೆಲ್ಲಲಿಕ್ಕೆ ಬೇಲಿ ಹತ್ರ ಹೋದೆ. ಹೊರಗೆ ಒಬ್ಬ ನಿಂತಿದ್ದ. ಅವನೂ ಬೇರೆ ದೇಶದಿಂದ ಬಂದವನೇ, ಇಂಗ್ಲಿಷು ನನ್ನದರ ಹಾಗೆ ತುಂಡು ತುಂಡು. ಬಿಲ್ಲೆಯ ನಂಬ್ರ ಓದಿದ. ಮತ್ತೆ ತನ್ನ ಎದೆ ಮುಟ್ಟಿ ತೋರಿಸಿದ. ಮುಷ್ಕರ ಹೂಡಿದವ, ಆ ನಂಬ್ರ ಅವನದ್ದು. ಬೈಲಿಲ್ಲ."

"ಆಮ್ಯಾಲ ಹೊರಗ ಬಂದ್ರೇನ್ರಿ?" ಹನುಮಂತಪ್ಪ ಕೇಳಿದ.

"ಇಲ್ಲ. ಇನ್ನೂ ಹನ್ನೊಂದು ದಿನ ಇದ್ದೆ. ಹೊರಗೆ ಹಿಮ, ಒಳಗೆ ಬಿಸಿ ಊಟ. ಆ ಹನ್ನೊಂದು ದಿನವೂ ಅವ ಬೇಲಿ ಹತ್ರ ಇದ್ದ. ಹನ್ನೆರಡನೇ ದಿನ ಇರ್ಲಿಲ್ಲ. ಆ ಮೇಲೆ ನಾನು ಹೊರಗೆ ಬಂದದ್ದು. ಬಿಲ್ಲೆ ಹಿಂದೆ ಕೊಡ್ಲಿಕ್ಕೆ ಊರೆಲ್ಲ ಹುಡುಕಿದೆ. ಹೆಸರೇ ಕೇಳಿರ್ಲಿಲ್ಲ, ಯಾರಂತ ವಿಚಾರಿಸುದು?"

ಕೊನೆಯ ಮಾತನ್ನೂ ಹಿಂದಿಗೆ ತಿರುಗಿಸಿದೆ. ಈ ಹನ್ನೆರಡು ಮಂದಿಯನ್ನು ಕಳಿಸಿದವನು ನಾನೇ ಎಂಬುದನ್ನೂ ಅದರ ಹಿಂದೆಯೇ ಹೇಳಿದೆ. ಯಾರೋ ಒಬ್ಬ ಉಗುಳಿದ. ಹೊಡೆಯಲಿಲ್ಲ.

ಹನುಮಂತಪ್ಪ ಸರಳಿಗೆ ಹಣೆ ಆನಿಸಿದ. "ನಾ ನಿಂದರೋ ಮಷಿನ್ ಮ್ಯಾಲ ಒಂದು ಸಣ್ಣ ಹುಡುಗೀ ಫೋಟೋ ಅಂಟಿಸ್ಯಾರ್ರಿ ಅಜ್ಜಾರ. ಎರಡ ಜಡಿ ಹಾಕ್ಕೊಂಡಾಳ. ದಿನಾ ಮುಂಜಾನೆ ನನ್ನ ಮಾರೀನ ನೋಡತಾಳ."

ಅದನ್ನೂ ಹಿಂದಿಯಲ್ಲಿ ಹೇಳಿದೆ. ತಾಡಪತ್ರಿಯ ಅಂಚಿನಲ್ಲಿ ಗಡ್ಡ ಬಿಟ್ಟ ಒಬ್ಬಾತ ತಟ್ಟನೆ ಎದ್ದು ನಿಂತು, ಮತ್ತೆ ಕೂತ. ಅವನ ಪಕ್ಕದವರು ಸರಿದು ಶೀನಣ್ಣನಿಗೆ ಜಾಗ ಮಾಡಿಕೊಟ್ಟರು. ಅವರು ಎಂದಿನಂತೆ ಕೇಳಿದರು: "ಇಧರ್ ಕೋಯೀ ಥಾ ಕ್ಯಾ?"

"ಥಾ," ಎಂದ ಒಬ್ಬ. "ಗಾಂವ್ ಚಲಾ ಗಯಾ."

ಇದ್ದವನು ಊರಿಗೆ ಹೊರಟುಹೋಗಿದ್ದ. ಶೀನಣ್ಣ ಸಂಜೆಯವರೆಗೂ ನಿಂತೇ ಇದ್ದರು.

ಆ ಸಂಜೆ ಹನುಮಂತಪ್ಪ ನಾಲ್ವರೊಂದಿಗೆ ಹೊರಬಂದ. ಏಳು ಮಂದಿ ಬರಲಿಲ್ಲ. ಅವರನ್ನು ದೂರುವ ಅಧಿಕಾರ ನನಗಿರಲಿಲ್ಲ. ಬಂದ ಐವರಿಗೆ ಹೊಸ ಕೆಲಸ ಸಿಗುವವರೆಗೆ, ಹೋಟೆಲಿನ ಕೆಲಸಗಾರರು ತಮ್ಮ ತಟ್ಟೆಯ ಅನ್ನವನ್ನು ಹಂಚಿಕೊಟ್ಟು, ಮೇಜಿನಡಿಯಲ್ಲಿ ಹಾಸಿಗೆಯ ಜಾಗ ಬಿಟ್ಟುಕೊಟ್ಟರು. ಆದರೆ ಮಷಿನು ಓಡಿಸಲು ಮಾಲೀಕರಿಗೆ ಒಳಗುಳಿದ ಏಳು ಜನ ಸದ್ಯಕ್ಕೆ ಸಾಕಾಯಿತು. ಇನ್ನೂ ಹಲವರನ್ನು ಬೇರೆ ಕಡೆಯಿಂದ ತಂದರು. ಮಳೆಗಾಲದ ಹೊತ್ತಿಗೆ ತಾಡಪತ್ರಿ ಇರಲಿಲ್ಲ. ಹಳಬರಲ್ಲಿ ಒಬ್ಬರನ್ನೂ ಒಳಗೆ ಸೇರಿಸಲಿಲ್ಲ.

ಆ ಸೋಲಿನ ಕುರಿತು ನಾನೊಂದು ಕಿರುಹೊತ್ತಗೆ ಬರೆದೆ. ಬೇಡಿಕೆಗಳು, ಕೂಲಿಯ ದರ, ಮಾಲೀಕರ ತಂತ್ರ, ಎಲ್ಲವನ್ನೂ ಕ್ರಮವಾಗಿ ವಿವರಿಸಿದ್ದೆ. ಅಚ್ಚಾದ ಪ್ರತಿಯನ್ನು ಹಿಡಿದು ವಡಾಲದ ಚಾಳಿಗೆ ಹೋದೆ. ಶೀನಣ್ಣ ಆಗಲೇ ಕಾಫಿಯ ಒಲೆ ಬಿಟ್ಟು, ಆರು ಮಂದಿಯ ಕೋಣೆಯಲ್ಲಿ ಕಾಯಿಲೆಯಿಂದ ಕಿಟಕಿಯ ಬಳಿಯ ಚಾಪೆ ಹಿಡಿದಿದ್ದರು. ನಾನು ಓದಿದೆ, ಅವರು ಕಣ್ಣುಮುಚ್ಚಿ ಕೊನೆಯ ಸಾಲಿನವರೆಗೂ ಕೇಳಿದರು.

"ಆ ಗಡ್ಡದವನ ಹೆಸರು ಎಂತ ಮಾಸ್ಟ್ರೇ? ಆ ಹುಡುಗಿಯ ಅಪ್ಪ?"

ನಾನು ಹಾಳೆಗಳನ್ನು ತಿರುವಿದೆ. ಇಪ್ಪತ್ತನಾಲ್ಕು ಪುಟಗಳಲ್ಲಿ ಅದಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಶೀನಣ್ಣ ಉಡಿದಾರದ ಗಂಟನ್ನು ಬಿಚ್ಚಿ, ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟರು. ಅದಿನ್ನೂ ಅವರ ಮೈಯ ಬಿಸಿಯಲ್ಲಿತ್ತು.

"ಇನ್ನು ಇದು ನಿಮ್ಮತ್ರ ಇರ್ಲಿ."

ಅದೇ ಕೊನೆಯ ಭೇಟಿ. ಹದಿನೈದು ದಿನಗಳ ಬಳಿಕ ವಾಸು ಕಚೇರಿಗೆ ಬಂದು ಸುದ್ದಿ ಹೇಳಿದ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೋಣೆಯವರು ಸ್ನಾನ ಮಾಡಿ ಗೋಡೆಗೊರಗಿ ಕೂತಿದ್ದರು. ಚಾಪೆ ಸುತ್ತಿಟ್ಟಿದ್ದರಿಂದ ಕಿಟಕಿಯ ಬಳಿ ಒಬ್ಬ ಮನುಷ್ಯನಷ್ಟು ಉದ್ದದ ನೆಲ ಬರಿದಾಗಿತ್ತು.

"ಕೂತ್ಕೊಳ್ಳಿ ಮಾಸ್ಟ್ರೇ," ಎಂದ ವಾಸು. "ಅಲ್ಲಿ ಜಾಗ ಉಂಟಲ್ಲ."

ನಾನು ನಿಂತೇ ಇದ್ದೆ.