ಕೀಲೆಣ್ಣೆ ಕುಡಿದ ಜೀಪು

ನಮ್ಮಣ್ಣ ಗುತ್ಯಪ್ಪನನ್ನು ಯಾರಾದರೂ "ಪಾಪದ ಮನುಷ್ಯ" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪದವನಂತೆ! ಹಲ್ಲು ಕಚ್ಚಿಕೊಂಡು, ಸರಿಯಾದ ಚಳಿ ಬೀಳಲಿ ಎಂದು ಮುಂದಿನ ಮಾರ್ಗಶಿರದವರೆಗೆ ಕಾದವನು ಅವನು. ಅವನ ಜೊತೆ ನಾನೂ ಕಾದೆ.

ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ, ಬರ್ಮಾ ಗಡಿಯ ಕೆಸರಿನಲ್ಲಿ ಜೀಪು ಓಡಿಸಿ, ಗುಡವಿಯ ಹತ್ತಿರದ ನಮ್ಮೂರಿಗೆ ವಾಪಸ್ಸು ಬಂದಿದ್ದ. ಮಾತು ಕಡಿಮೆ, ಬೀಡಿ ಜಾಸ್ತಿ. ಅವ್ವ ಬೈದರೆ ನಗುತ್ತಿದ್ದ, ನಾನು ಬೈದರೆ ಎದ್ದು ಹೋಗುತ್ತಿದ್ದ. ಶಿಕಾರಿಪುರದ ಅಕ್ಕಿ ವ್ಯಾಪಾರಿ ಪರಮಶಿವಪ್ಪ ಸಾಹುಕಾರರು ಮಿಲಿಟರಿ ಹರಾಜಿನಲ್ಲಿ ಒಂದು ಜೀಪು ಹಿಡಿದಾಗ, ಡ್ರೈವರ್ ಕೆಲಸಕ್ಕೆ ಇವನನ್ನು ಕರೆಸಿಕೊಂಡರು. ಆ ಜೀಪಿನಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಕೋಲಿತ್ತು. ಅದನ್ನು ಎಳೆದರೆ ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಸಿಕ್ಕಿ, ನಾಲ್ಕೂ ಗಾಲಿ ಸೇರಿ ಎಂಥ ಕೆಸರಿನಿಂದಲೂ ಮೇಲೆ ಬರುತ್ತಿತ್ತು.

ಐವತ್ತೇಳರ ಮಾರ್ಗಶಿರದ ಒಂದು ಮುಂಜಾನೆ, ಕುಬಟೂರಿನ ಗದ್ದೆ ಬಯಲಲ್ಲಿ ಭತ್ತದ ಚೀಲ ಹೇರಿದ್ದ ಜೀಪು ಹೂತುಹೋಯಿತು. ಅಣ್ಣ ಕೋಲು ಎಳೆದ. ಅದು ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಯಾರದೋ ಎತ್ತು ಕಟ್ಟಿ ಎಳೆಸಿ, ಹೊತ್ತು ನೆತ್ತಿಗೆ ಬಂದ ಮೇಲೆ ಶಿಕಾರಿಪುರ ಮುಟ್ಟಿಸಿ, ಹೀಗೆ ಹೀಗೆ ಆಯಿತು ಎಂದು ಹೇಳಿದ. ಸಾಹುಕಾರರು ಅಂಗಡಿ ಮುಂದೆಯೇ ಜೀಪು ಹತ್ತಿ ಕೂತು ಕೋಲು ಎಳೆದು ನೋಡಿದರು. ಬಿಸಿಲಿಗೆ ಕಾದ ಗಾಡಿ. ಕೋಲು ಸಲೀಸಾಗಿ ಹಿಂದೆ ಬಂತು.

"ನನ್ನ ಮುಂದೆ ಸುಳ್ಳು ಹೇಳ್ತೀಯೇನಲೇ? ಕುಡುದು ಬಿದ್ದಿದ್ದೆ ನೀನು!" ಎಂದವರೇ ಕೆಳಗಿಳಿದು, ಕಾಲಿನ ಚಪ್ಪಲಿ ಕಿತ್ತು ಅವನ ಕೆನ್ನೆಗೆ ಬಾರಿಸಿದರು. ಹಮಾಲರು, ಗಿರಾಕಿಗಳು, ಎಲ್ಲರ ಕಣ್ಣೆದುರಿಗೆ. ಅವತ್ತೇ ಕೆಲಸ ಬಿಟ್ಟು ಅಣ್ಣ ಊರಿಗೆ ಬಂದ.

ಚಪ್ಪಲಿ ಏಟು ಅಂದರೆ ನಮ್ಮ ಕಡೆ ಒಬ್ಬನ ಕೆನ್ನೆಗೆ ಬಿದ್ದ ಏಟಲ್ಲ, ಅದು ಇಡೀ ಮನೆಗೆ ಬಿದ್ದಂತೆ. ಕುಲದ ಹಿರಿಯರು ಕೂತು ಶುದ್ಧ ಮಾಡಿಸುವವರೆಗೆ ಅವನಿಗೆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. ಶುದ್ಧವೇನೋ ಆಯಿತು. ಆದರೆ ತೊಗರ್ಸಿಯಲ್ಲಿ ನನಗೆ ಗೊತ್ತುಮಾಡಿದ್ದ ಸಂಬಂಧ ಮುರಿಯಿತು. "ಚಪ್ಪಲಿ ಏಟು ತಿಂದವನ ತಂಗಿ ನಮಗೆ ಬೇಡ" ಎಂದು ಹೇಳಿ ಕಳಿಸಿದರು. ಆ ಹುಡುಗನನ್ನು ನಾನು ಮೆಚ್ಚಿದ್ದೆ. ಯಾಕೆ ಮುಚ್ಚಿಡಲಿ? ಸಾಹುಕಾರರ ಮನೆ ಹಾಳಾಗಲಿ ಎಂದು ಬೆಳಗ್ಗೆ ಸಂಜೆ ಶಾಪ ಹಾಕಿದೆ.

ಬೇಸಿಗೆಯಲ್ಲಿ ಒಂದು ದಿನ ಸಾಹುಕಾರರ ಎತ್ತಿನಗಾಡಿ ಹೊಡೆಯುವ ಮಾರಪ್ಪ ನಮ್ಮ ಮನೆಗೆ ಬಂದ. ಅಮಾವಾಸ್ಯೆ ದಿನ ಗಾಡಿ ಹೂಡದೆ, ಅಚ್ಚಿಗೆ ಕೀಲೆಣ್ಣೆ ಬಳಿದು ನಿಲ್ಲಿಸುವುದು ಎಲ್ಲರ ಮನೆ ಪದ್ಧತಿ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಅಂಟು ಅದು. ಜೀಪಿಗೂ ಸಾಹುಕಾರರು ಅಮಾವಾಸ್ಯೆ ರಜೆ ಕೊಟ್ಟು, ಅಣ್ಣನನ್ನು ಊರಿಗೆ ಕಳಿಸುತ್ತಿದ್ದರು.

"ನೀನು ಅಮಾಸೆಗೆ ಈ ಕಡೆ ಬಂದಾಗೆಲ್ಲ ನನ್ನ ಕೈಲಿ ಜೀಪಿನ ಹೊಟ್ಟ್ಯಾಗಿನ ಪೆಟ್ಟಿಗೆ ಬಿರಡೆ ಬಿಚ್ಚಿಸಿ ಕೀಲೆಣ್ಣೆ ತುಂಬಿಸ್ತಿದ್ರಪ್ಪ, ಈಗ್ಲೂ ತುಂಬಿಸ್ತಾರೆ. ಯಾವ ಗಾಡಿ ಆದ್ರೇನು, ಗಾಡಿ ಗಾಡೀನೇ ಅಂತಾರೆ" ಎಂದ ಮಾರಪ್ಪ.

ಆ ಏಟು ಬಿದ್ದ ಮೇಲೆ ಅಣ್ಣ ನಕ್ಕಿದ್ದು ಅವತ್ತೇ. "ಅದಕ್ಕೇಯ! ಆ ಗಿಡ್ಡ ಕೋಲು ಇಳಿಯೋದು ಅದೇ ಪೆಟ್ಟಿಗೆಗೆ. ಕೀಲೆಣ್ಣೆ ಚಳೀಲಿ ಹೆಪ್ಪುಗಟ್ತದೆ, ಬಿಸಿಲು ಬಿದ್ರೆ ಸಡ್ಲ ಆಗ್ತದೆ."

"ಈಗ್ಲೇ ಹೋಗಿ ಅವ್ರ ಮುಖಕ್ಕೆ ಹೇಳು" ಎಂದೆ.

"ಬಿಸಿಲಲ್ಲಿ ಹೇಳಿದ್ರೆ ಇನ್ನೊಂದು ಏಟು ಬೀಳ್ತದೆ. ಚಳಿ ಬರ್ಲಿ ತಾಯಮ್ಮ." ಸೊರಬಕ್ಕೆ ಹೋಗಿ ಒಂದು ಡಬ್ಬಿ ಗೇರ್ ಎಣ್ಣೆ ತಂದು ಮಂಚದ ಕೆಳಗಿಟ್ಟ.

ಮುಂದಿನ ಮಾರ್ಗಶಿರ ಬಂತು. ಸಾಹುಕಾರರಿಗೆ ನಮ್ಮೂರಾಚೆ ಜಮೀನಿತ್ತು. ಮಗಳನ್ನು ಕೇಳಿ ಬಂದ ದಾವಣಗೆರೆ ಕಡೆಯ ಬೀಗರಿಗೆ ಅದನ್ನು ತೋರಿಸಲು, ಮಂಜು ಹರಿಯುವ ಮೊದಲೇ ತಾವೇ ಜೀಪು ಓಡಿಸಿಕೊಂಡು ಬಂದರು. ಮಧ್ಯಾಹ್ನದೊಳಗೆ ಶಿಕಾರಿಪುರಕ್ಕೆ ಮರಳಿ ನಿಶ್ಚಯದ ಶಾಸ್ತ್ರಕ್ಕೆ ಕೂರಬೇಕು. ನಮ್ಮ ಹಳ್ಳ ಹತ್ತುವಾಗ ಜೀಪಿನ ಹಿಂದಿನ ಗಾಲಿಗಳು ಕೆಸರಿನಲ್ಲಿ ಹೂತವು. ಸಾಹುಕಾರರು ಎಷ್ಟು ಎಳೆದರೂ ಗಿಡ್ಡ ಕೋಲು ಬರಲಿಲ್ಲ; ಮುಂದಿನವು ಒಣ ದಡದ ಮೇಲಿದ್ದರೂ ತಿರುಗಲೊಲ್ಲವು. ಊರೆಲ್ಲ ದಡದ ಮೇಲೆ ಸೇರಿತು.

"ಗುತ್ಯಪ್ಪಾ, ಸ್ವಲ್ಪ ನೋಡಪ್ಪ" ಎಂದರು ಸಾಹುಕಾರರು. ಅಬ್ಬಾ, ಏನು ಮರ್ಯಾದೆ!

ರೋಗ ಏನೆಂದು ಅಣ್ಣನಿಗೆ ಗೊತ್ತು. ಆದರೂ ಒಂದೊಂದೇ ಗಾಲಿ ತಟ್ಟಿ ನೋಡಿದ. ನಟ್ಟು ತಿರುಗಿಸಿ ನೋಡಿದ. ನಡುವೆ ಬೀಡಿ ಹಚ್ಚಿದ. "ಮುಂದಿನ ಗಾಲಿಗೆ ಹೋಗೋ ರಾಡು ತಿರುಗ್ತದಾ ಇಲ್ವಾ, ಕೆಳಗೆ ಮಲಗಿ ನೋಡ್ರಿ ಸಾಹುಕಾರ್ರೇ. ನಾನು ನೋಡಿ ಹೇಳಿದ್ರೆ ಸುಳ್ಳು ಅಂತೀರಿ" ಎಂದು ಎಂಜಿನ್ ಚಾಲೂ ಮಾಡಿದ. ರೇಷ್ಮೆ ಪಂಚೆಯಲ್ಲಿ ಸಾಹುಕಾರರು ಹಳ್ಳದ ದಡದಲ್ಲಿ ಅಂಗಾತ ಮಲಗಿದರು. ನನಗೆ ಹೊಟ್ಟೆ ತಣ್ಣಗಾಯಿತು.

"ತಿರುಗ್ತಾ ಇಲ್ಲಪ್ಪ" ಎಂದರು.

ಅಣ್ಣ ಎಂಜಿನ್ ನಿಲ್ಲಿಸಿ, ಕೆಳಗೆ ತೂರಿ ಪೆಟ್ಟಿಗೆಯ ಬಿರಡೆ ಬಿಚ್ಚಿದ. ಒಂದು ತೊಟ್ಟೂ ಸುರಿಯಲಿಲ್ಲ. ಕಡ್ಡಿ ಹಾಕಿ ತಿರುವಿ, ಕರ್ರಗಿನ ಮುದ್ದೆಯೊಂದನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ.

"ಕೀಲೆಣ್ಣಿ ಅಲ್ಲೇನ್ರೀ ಅದು?" ಎಂದರು ಬೀಗರು ಬಗ್ಗಿ ನೋಡಿ.

"ಇದನ್ನ ಕರಗಿಸ್ಬೇಕು. ಬೆಂಕಿ ಹಿಡಿಯಂಗಿಲ್ಲ, ಪೆಟ್ರೋಲ್ ಟ್ಯಾಂಕಿ ಇಲ್ಲೇ ಇದೆ. ಬಿಸಿನೀರಲ್ಲಿ ಅದ್ದಿದ ಗೋಣಿ ಸುತ್ಬೇಕು" ಎಂದು ಅಣ್ಣ ನನ್ನ ಕಡೆ ನೋಡಿದ.

ಏನು ಬೇಕಾಗುತ್ತದೆಂದು ಅವನು ಮೊದಲೇ ಹೇಳಿದ್ದ. ಬಚ್ಚಲ ಹಂಡೆಯಿಂದ ಕುದಿಯುವ ನೀರು ಕೊಡಕ್ಕೆ ಬಗ್ಗಿಸಿಕೊಂಡು ನಾನು ಆಗಲೇ ಬಂದು ನಿಂತಿದ್ದೆ. "ಇದನ್ನ ತುಂಬ್ಸಿದ್ದು ಯಾರು, ಚಪ್ಪಲೀಲಿ ಹೊಡೆಸ್ಕೊಂಡಿದ್ದು ಯಾರು, ಬಾಯಿ ಬಿಟ್ಟು ಹೇಳಿ. ಆಮೇಲೆ ನೀರು" ಎಂದೆ.

ಸಾಹುಕಾರರು ಮೇಲೇರುತ್ತಿದ್ದ ಸೂರ್ಯನನ್ನು ನೋಡಿದರು, ಬೀಗರನ್ನು ನೋಡಿದರು, ಗಂಟಲಲ್ಲೇ ಏನೋ ಗೊಣಗಿದರು.

"ಕೇಳ್ಸಲಿಲ್ಲ" ಎಂದೆ.

"ತುಂಬ್ಸಿದ್ದು ನಾನು! ಗುತ್ಯಪ್ಪಂದು ಏನೂ ತಪ್ಪಿರ್ಲಿಲ್ಲ. ಸುಮ್‌ಸುಮ್ನೆ ಚಪ್ಪಲೀಲಿ ಹೊಡದೆ."

ಬೀಗಿತ್ತಿ ಲೊಚಗುಟ್ಟಿದರು. ನಾನು ಕೊಡ ಕೆಳಗಿಟ್ಟೆ. ಅಣ್ಣ ಗೋಣಿ ಅದ್ದಿ ಅದ್ದಿ ಸುತ್ತಿದ. ಕೀಲೆಣ್ಣೆ ಮೆತ್ತಗಾಗಿ ಲೊಳಲೊಳ ಇಳಿಯಿತು. ಮಂಚದ ಕೆಳಗಿದ್ದ ಡಬ್ಬಿ ತರಿಸಿ ಗೇರ್ ಎಣ್ಣೆ ಹಾಕಿ, ಹತ್ತಿ ಕೂತು ಕೋಲು ಎಳೆದ. ಕಟಕ್ ಎಂದು ಕಚ್ಚಿತು. ನಾಲ್ಕೂ ಗಾಲಿ ತಿರುಗಿ ಜೀಪು ದಡ ಹತ್ತಿತು.

"ಈಗ ಸಮಾಧಾನ ಆತೇನಪ್ಪ?" ಎಂದರು ಸಾಹುಕಾರರು.

"ನನ್ನ ಕೆನ್ನೆ ಲೆಕ್ಕ ಮುಗೀತು. ಅವಳನ್ನ ಕೇಳ್ಕಳಿ."

ಸಾಹುಕಾರರು ನನ್ನ ಕಡೆ ತಿರುಗಿದರು. ಮೈತುಂಬ ಕೆಸರು. ಬೀಗರ ಎದುರಿಗೇ ಎರಡೂ ಕೈ ಜೋಡಿಸಿ, "ತಾಯಮ್ಮ, ಸಾಕೇನವ್ವ?" ಎಂದರು. ಊರಿನವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ತೊಗರ್ಸಿಯ ಹುಡುಗನಿಗೆ ಕಾರ್ತಿಕದಲ್ಲೇ ಬೇರೆ ಕಡೆ ಮದುವೆಯಾಗಿತ್ತು.

"ಇಲ್ಲ" ಎಂದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ.